ಭಂಗಾರಕ್ಕೆ ಹಾಕುವ ಮೊದಲು ನಾಲ್ಕು ಸ್ಕ್ರೂ ಬಿಚ್ಚಿ ನೋಡೋಣ

ಮುರಿದ ಬೆಂಚು ಮೂರು, ಕೈ ಹೋದ ಖುರ್ಚಿ ಎರಡು, ತೂತು ಬಿದ್ದ ಘಮೇಲೆ ಒಂದು, ಲ್ಯಾಪ್‌ಟಾಪ್ ಒಂದು. ಹೋದ ವರ್ಷ ನಮ್ಮ ಶಾಲೆಯ ನಿರ್ಲೇಖನದ ಯಾದಿ ಹೀಗಿತ್ತು. ಬರೆದವನು ನಾನೇ. ಲ್ಯಾಪ್‌ಟಾಪಿನ ಮುಂದೆ ಷರಾ ಕಾಲಮ್ಮಿನಲ್ಲಿ "ನಾದುರುಸ್ತ" ಅಂತ ಬರೆದು ಸಹಿಗೆ ಇಟ್ಟಿದ್ದೆ.

ಅದು ಊರವರು ಲೋಕವರ್ಗಣಿ ಕೂಡಿಸಿ ಕೊಡಿಸಿದ್ದು. 2009ರ ಮಾಡೆಲ್ಲು, ಕೋರ್ ಟು ಡ್ಯುಓ ಪ್ರೊಸೆಸರ್, 2 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಖರೇ ಹೇಳಬೇಕೆಂದರೆ ಅದು ಕೆಟ್ಟಿರಲಿಲ್ಲ, ನಿಧಾನ ಆಗಿತ್ತು. ಬಟನ್ ಒತ್ತಿ, ಪ್ರಾರ್ಥನೆ ಮುಗಿಸಿ, ಹಾಜರಿ ತಗೊಂಡು ಬಂದರೂ ಪರದೆಯ ಮೇಲೆ ಆ ಗೋಲ ಚಕ್ರ ತಿರುಗುತ್ತಲೇ ಇರುತ್ತಿತ್ತು. ಸಹೋದ್ಯೋಗಿ ಒಬ್ಬರು, "ಸರ, ಇದು ಭಂಗಾರ ಆತ್ರಿ, ಇನ್ನ ಅದರ ನಾದ ಬಿಡ್ರಿ" ಅಂದರು. ನಮ್ಮ ಮಂದ್ರೂಪ ಕಡೆ ಭಂಗಾರ ಅಂದರೆ ಗುಜರಿ. ಭೀಮಾ ದಾಟಿ ವಿಜಯಪುರದ ಕಡೆ ಹೋಗಿ ಇದೇ ಮಾತು ಹೇಳಿದರೆ ಕೇಳಿದವರು ಚಿನ್ನ ಅಂತ ತಿಳಿದಾರು. ಆ ದಿವಸ ಇಬ್ಬರೂ ನಕ್ಕು ಸುಮ್ಮನಾದೆವು.

ಯಾದಿ ಮೇಲಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿದೆ. ಆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಅದು ಈಗ ಎಂಟನೆಯ ವರ್ಗದಲ್ಲಿ ದಿನಾ ಕೆಲಸ ಮಾಡುತ್ತಿದೆ. ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥದೊಂದು ಬಿದ್ದಿದ್ದರೆ ಅದನ್ನು ಭಂಗಾರಕ್ಕೆ ಹಾಕಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವಿಜ್ಞಾನ. ಹಳೆಯ ಲ್ಯಾಪ್‌ಟಾಪ್ ನಿಧಾನ ಆಯಿತು ಅಂದರೆ ನಾವು ಪ್ರೊಸೆಸರ್ ಮುದುಕ ಆಯಿತು ಅಂತ ತಿಳಿಯುತ್ತೇವೆ. ಬಹಳ ಸಲ ಅದು ತಪ್ಪು. ಪ್ರೊಸೆಸರ್ ಸುಮ್ಮನೆ ಕೂತು ಡಿಸ್ಕಿನ ದಾರಿ ಕಾಯುತ್ತಿರುತ್ತದೆ. ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ತೋಳು, ತೋಳಿನ ತುದಿಗೆ ಓದುವ ಹೆಡ್. ಲ್ಯಾಪ್‌ಟಾಪಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಇದನ್ನು ಎಂಟನೆಯ ವರ್ಗದವರಿಗೆ ಲೆಕ್ಕ ಕೊಟ್ಟೆ. ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಐದೂವರೆ ಮಿಲಿಸೆಕೆಂಡ್. ತೋಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು ಹನ್ನೆರಡು ಹಿಡಿಯಿರಿ. ಒಂದೊಂದು ತುಣುಕಿಗೂ ಹದಿನೇಳು ಹದಿನೆಂಟು ಮಿಲಿಸೆಕೆಂಡ್ ಹೋಯಿತು. ಹಾಗಾದರೆ ಸೆಕೆಂಡಿಗೆ ಎಷ್ಟು ತುಣುಕು ಓದಬಹುದು? ಅರವತ್ತರ ಒಳಗೇ. ಕಂಪ್ಯೂಟರ್ ಸುರು ಆಗಬೇಕಾದರೆ ಅಲ್ಲೊಂದು ಇಲ್ಲೊಂದು ಇರುವ ಇಂಥ ಸಾವಿರಾರು ತುಣುಕು ಓದಬೇಕು.

ಹುಡುಗರಿಗೆ ಬೇರೆ ಉಪಮೆ ಬೇಕಾಗಲಿಲ್ಲ. ಒಬ್ಬಳು ತಾನೇ ಹೇಳಿದಳು: "ಗುರೂಜಿ, ಸ್ಟ್ಯಾಂಡಿನ್ಯಾಗ ನಿಂತು ಎಸ್‌ಟಿ ದಾರಿ ಕಾದಂಗ ಆತಲ್ರಿ. ಒಂದು ತಪ್ಪಿದ್ರ ಮತ್ತ ಅದು ಸುತ್ತ ಹೊಡದು ಬರೂತನಕ ನಿಂದರಬೇಕು." ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಚಿಪ್ಪಿನೊಳಗಿನ ಕೋಟಿಗಟ್ಟಲೆ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟಿರುತ್ತಾರೆ. ಸುತ್ತಲೂ ವಿದ್ಯುತ್ ಹರಿಯದ ಪದರ ಇರುವುದರಿಂದ ಕರೆಂಟ್ ಹೋದರೂ ಅವು ಅಲ್ಲೇ ಉಳಿಯುತ್ತವೆ. ಇಂಥ ತೇಲುವ ಗೇಟಿನ ಕಲ್ಪನೆಯನ್ನು 1967ರಲ್ಲಿ ಕಾಂಗ್ ಮತ್ತು ಝೀ ಎಂಬ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು. ಅದನ್ನು ಇಂದಿನ ಫ್ಲ್ಯಾಶ್ ಮೆಮರಿಯ ದಾರಿಗೆ ತಂದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುಒಕಾ. ಇಲ್ಲಿ ಒಂದು ತುಣುಕು ಓದಲು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಬಸ್ಸಿನ ದಾರಿ ಕಾಯುವ ಮಾತೇ ಇಲ್ಲ.

ಹಾಗಂತ ಹಾರ್ಡ್ ಡಿಸ್ಕನ್ನು ಹೀಗಳೆಯಬಾರದು. 1956ರಲ್ಲಿ ಐಬಿಎಂ ತಂದ ಮೊದಲನೆಯ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆ ಇದ್ದವು, ತೂಕ ಒಂದು ಟನ್ನಿನ ಹತ್ತಿರ, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅಲ್ಲಿಂದ ಅಂಗೈ ಅಗಲಕ್ಕೆ ಬರುವುದೇನು ಸಣ್ಣ ಮಾತೇ? 2007ರ ಭೌತವಿಜ್ಞಾನದ ನೊಬೆಲ್ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ ಬಂದದ್ದು, ಡಿಸ್ಕಿನ ಹೆಡ್ಡು ಅಷ್ಟು ಸೂಕ್ಷ್ಮವಾಗಿ ಓದಲು ಸಾಧ್ಯ ಮಾಡಿದ ಕಾಂತೀಯ ಪರಿಣಾಮ ಕಂಡುಹಿಡಿದಿದ್ದಕ್ಕೆ. ನಾವು ಭಂಗಾರ ಅನ್ನುವ ಡಬ್ಬಿಯಲ್ಲಿ ನೊಬೆಲ್ ಕೂತಿದೆ.

ಡಿಸ್ಕ್ ಬದಲಿಸಿದ್ದನ್ನು ನಾವು ಪ್ರಯೋಗದಂತೆಯೇ ಮಾಡಿದೆವು. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕಲ್ಲ? ಅದಕ್ಕೆ ಮೊದಲು ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇದ್ದಕ್ಕಿದ್ದಂತೆ, ಅದೇ ವಿಂಡೋಸ್ 7 ಸಹಿತ, 240 ಜಿಬಿಯ ಎಸ್‌ಎಸ್‌ಡಿಗೆ ನಕಲು ಮಾಡಿದೆವು. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಬದಲಾದದ್ದು ಡಿಸ್ಕ್ ಮಾತ್ರ. ಬಟನ್ ಒತ್ತಿದ ಮೇಲೆ ಫೈಲ್ ತೆರೆಯುವ ತನಕ ಹುಡುಗರು ಸ್ಟಾಪ್‌ವಾಚ್ ಹಿಡಿದರು. ಮೊದಲು 4 ನಿಮಿಷ 40 ಸೆಕೆಂಡ್, ಆಮೇಲೆ 50 ಸೆಕೆಂಡ್. ಮೂರು ಸಲ ನೋಡಿದೆವು, ಹೆಚ್ಚು ಕಡಿಮೆ ಅಷ್ಟೇ ಬಂತು.

ಕೆಲಸ ಅಂಜುವಂಥದ್ದಲ್ಲ. 2.5 ಇಂಚಿನ ಸಾಟಾ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆದರೆ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಕೆಳಗಿನ ಮುಚ್ಚಳದ ಸ್ಕ್ರೂ ತೆಗೆದರೆ ಡಿಸ್ಕು ಕಾಣುತ್ತದೆ. ಮುಟ್ಟುವ ಮೊದಲು ಕಬ್ಬಿಣದ ಕಪಾಟು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಡಿಸ್ಕನ್ನು ಅಡ್ಡಕ್ಕೆ ಎಳೆದರೆ ಕನೆಕ್ಟರಿನಿಂದ ಬಿಟ್ಟುಕೊಳ್ಳುತ್ತದೆ. ಎಸ್‌ಎಸ್‌ಡಿ 7 ಮಿ.ಮೀ. ದಪ್ಪ, ಹಳೆಯದು 9.5. ಸಡಿಲ ಆದರೆ ಒಂದು ದಪ್ಪ ರಟ್ಟಿನ ತುಂಡು ಇಡಿ, ನಾವು ಇಟ್ಟದ್ದು ನೋಟಬುಕ್ಕಿನ ರಟ್ಟು. ಅಂಗಡಿಯವನು "ನಿಮ್ಮ ಲ್ಯಾಪ್‌ಟಾಪ್ ಸಾಟಾ ಎರಡು, ಇದು ಸಾಟಾ ಮೂರು, ಪೂರ್ಣ ಸ್ಪೀಡ್ ಸಿಗಲ್ಲ" ಅಂದರೆ ಹೆದರಬೇಡಿ. ಅದು ಖರೇನೇ. ಸೆಕೆಂಡಿಗೆ 600 ಎಂಬಿ ಸಾಗುವ ದಾರಿಯ ಬದಲು 300ರ ದಾರಿ. ಆದರೆ ನಮ್ಮ ತ್ರಾಸು ರಸ್ತೆ ಸಣ್ಣದು ಅಂತ ಅಲ್ಲ, ಸ್ಟ್ಯಾಂಡಿನಲ್ಲಿ ಕಾಯುವುದು. ಕಾಯುವುದು ತಪ್ಪಿದರೆ ಸಾಕು.

ಇನ್ನು ಆ ಮುಖ್ಯ ಮಾತು.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ಇನ್ನೊಂದು ಕಂಪ್ಯೂಟರನ್ನು ನಿಧಾನ ಆಗಿದೆ ಅಂತ ಪೇಟೆಯ ಅಂಗಡಿಯೊಂದಕ್ಕೆ ದುರುಸ್ತಿಗೆ ಕೊಟ್ಟಿದ್ದೆವು. ಎರಡು ದಿನದಲ್ಲಿ ತಿರುಗಿ ಬಂತು, ಪರದೆ ಲಕಲಕ. ಆದರೆ ಒಳಗೆ ಏನೂ ಇರಲಿಲ್ಲ. ಅವನು ಫಾರ್ಮ್ಯಾಟ್ ಹೊಡೆದಿದ್ದ. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಅದರಲ್ಲಿ ನಮ್ಮಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯ ಗುರೂಜಿಯವರ ಹನ್ನೆರಡು ವರ್ಷದ ದುಡಿಮೆ ಇತ್ತು: ಶಿಷ್ಯವೃತ್ತಿ ಪರೀಕ್ಷೆಗೆ ಕನ್ನಡದಲ್ಲಿ ಮಾಡಿದ ಪ್ರಶ್ನೆಗಳು, ಬುದ್ಧಿಮತ್ತೆಯ ಲೆಕ್ಕ, ವಿಜ್ಞಾನದ ಟಿಪ್ಪಣಿ. ಅವರಿಗೆ ಫೋನ್ ಮಾಡಿ ಹೇಳುವ ಪಾಳಿ ನನಗೆ ಬಂತು. ಅವರು ಸಿಟ್ಟು ಮಾಡಲಿಲ್ಲ. "ಇರ್ಲಿ ಬಿಡಪ್ಪ, ಮತ್ತ ಬರದ್ರಾತು" ಅಂದರು. ಕಣ್ಣಿನ ಆಪರೇಶನ್ ಆಗಿತ್ತು ಅವರಿಗೆ, ಮತ್ತೆ ಬರೆಯುವುದು ಆಗುವ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮರಾಠಿ ಶಾಲೆಯಲ್ಲಿ ಹೀಗಾದರೆ ನಷ್ಟ ಆಗುವುದಿಲ್ಲ ಅಂತಲ್ಲ. ಆದರೆ ಅವರಿಗೆ ಪೇಟೆಯಲ್ಲಿ ಹತ್ತು ಗೈಡು, ಮೊಬೈಲಿನಲ್ಲಿ ನೂರು ವಿಡಿಯೊ ಸಿಗುತ್ತವೆ. ನಮ್ಮ ಮಕ್ಕಳಿಗೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಬರುತ್ತದೆ, ಅದರಾಚೆಗೆ ಬಹಳ ಇಲ್ಲ. ಕರ್ನಾಟಕದಿಂದ ತಂದರೆ ಅಲ್ಲಿಯ ಪಠ್ಯಕ್ರಮ ಬೇರೆ. ಹೀಗಾಗಿ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಹೆಚ್ಚಿನ ಅಭ್ಯಾಸ ಬೇಕಾದರೆ ಗುರೂಜಿ ಇಲ್ಲವೇ ಬಾಯಿಯವರು ರಾತ್ರಿ ಕೂತು ಟೈಪ್ ಮಾಡಿದ್ದೇ ಬಹಳ ಸಲ ಆಧಾರ. ಆ ಫೈಲುಗಳು ಎಲ್ಲಿವೆ? ನಾವು "ನಾದುರುಸ್ತ" ಅಂತ ಬರೆದ ಡಿಸ್ಕುಗಳಲ್ಲಿ. ನಮ್ಮ ಭಾಷೆಯ ಶಾಲಾ ಸಾಹಿತ್ಯದ ಒಂದೇ ಒಂದು ಪ್ರತಿ, ಅದೂ ತಿರುಗುವ ತಟ್ಟೆಯ ಮೇಲೆ, ಘಮೇಲೆಯ ಪಕ್ಕದಲ್ಲಿ.

ಇದರಲ್ಲಿ ಇನ್ನೊಂದು ಗಂಟು ಇದೆ. ಆ ಕಾಲದ ಹೆಚ್ಚಿನ ಫೈಲುಗಳು ನುಡಿ ಇಲ್ಲವೇ ಬರಹದ ಹಳೆಯ ಫಾಂಟಿನಲ್ಲಿವೆ, ಯೂನಿಕೋಡಿನಲ್ಲಿ ಅಲ್ಲ. ಬರೇ ಫೈಲ್ ಪೆನ್ ಡ್ರೈವಿಗೆ ಹಾಕಿ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕೆ, ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ನಮ್ಮವರು "ಫೈಲ್ ಕೆಟ್ಟದ" ಅಂತ ಅಳಿಸಿಬಿಡುತ್ತಾರೆ. ಅದು ಕೆಟ್ಟಿಲ್ಲ. ಅದೇ ಫಾಂಟ್ ಹಾಕಿದರೆ ಕನ್ನಡ ತಾನೇ ಎದ್ದು ಬರುತ್ತದೆ. ಆ ಫಾಂಟೂ ಅದೇ ಹಳೆಯ ಡಿಸ್ಕಿನಲ್ಲೇ ಇರುತ್ತದೆ, ಅದಕ್ಕೇ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿ. ಆಮೇಲೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತವೆ, ಒಮ್ಮೆ ಕಣ್ಣಾಡಿಸಬೇಕು. ಏಳನೆಯ ವರ್ಗದ ಹುಡುಗರಿಗೆ ಇದು ಚಲೋ ಕನ್ನಡ ಅಭ್ಯಾಸ. ನಮ್ಮಲ್ಲಿ ಈ ಸಲ ಸಿಕ್ಕ ನಾಲ್ಕು ನೂರಕ್ಕೂ ಮಿಕ್ಕಿದ ಫೈಲುಗಳಲ್ಲಿ ಅರ್ಧದಷ್ಟು ಹೀಗೆ ತಿದ್ದಿ ಮುಗಿದಿವೆ.

ಅಂದರೆ ಎಸ್‌ಎಸ್‌ಡಿ ಹಾಕುವ ಕೆಲಸದಲ್ಲಿ ಮೊದಲನೆಯದು ಎಸ್‌ಎಸ್‌ಡಿ ಅಲ್ಲ, ನಕಲು. ಹಳೆಯ ಡಿಸ್ಕು ಕಟ್ ಕಟ್ ಸಪ್ಪಳ ಮಾಡುತ್ತಿದ್ದರೆ ಮತ್ತೆ ಮತ್ತೆ ಚಾಲು ಮಾಡಿ ನೋಡಬೇಡಿ, ಒಂದೊಂದು ಸಲಕ್ಕೂ ಅದರ ಆಯುಷ್ಯ ಕಡಿಮೆ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಫುಕಟ್ ತಂತ್ರಾಂಶ ಇದೆ. ಅದು ಸುಲಭವಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಕಡೆಗೆ ಬರುತ್ತದೆ. ಎಲ್ಲಿಯ ತನಕ ಬಂದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಅದಕ್ಕೇ ನಡುವೆ ಲೈಟ್ ಹೋದರೂ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಭಾಗಕ್ಕೆ ಹೇಳಿ ಮಾಡಿಸಿದಂಗ ಅದ. ನಮ್ಮ 160 ಜಿಬಿ ಡಿಸ್ಕಿಗೆ ಒಂದು ರಾತ್ರಿ ಹಿಡಿದು ಮರುದಿನ ಮಧ್ಯಾಹ್ನದ ಊಟದ ಬೆಲ್ ತನಕ ಬೇಕಾಯಿತು, ನಡುವೆ ಎರಡು ಸಲ ಲೈಟ್ ಹೋಗಿತ್ತು.

ಈಗ ಸಂಘದ ಗೆಳೆಯರು ಎತ್ತುವ ಆಕ್ಷೇಪಕ್ಕೆ ಬರೋಣ. "ಸರ, ನೀವು ಹಿಂಗ ಹಳೇದು ಹಳೇದು ದುರುಸ್ತ ಮಾಡ್ಕೋತ ಕುಂತ್ರ ಹೊಸಾದು ಯಾರು ಕೊಡ್ತಾರ? ಕೊಡಬೇಕಾದವರಿಗೆ ನೀವೇ ಸವಲತ್ತು ಮಾಡಿ ಕೊಟ್ಟಂಗ ಆತು." ಈ ಮಾತಿನಲ್ಲಿ ತಥ್ಯ ಇದೆ, ನಾನು ತಳ್ಳಿಹಾಕುವುದಿಲ್ಲ. ಕನ್ನಡ ಶಾಲೆಗೆ ಕಡೆಯ ಪಂಕ್ತಿಯೇ ಗತಿ ಅನ್ನುವುದು ನಮ್ಮೆಲ್ಲರ ಅನುಭವ. ಮಾಗಣಿ ನಡೆಯಲೇಬೇಕು. ಆದರೆ ನಾಳೆ ಹೊಸ ಯಂತ್ರ ಬಂದರೂ ಅದರೊಳಗೆ ನಮ್ಮ ಗುರೂಜಿಯವರ ಪ್ರಶ್ನೆ ಇರುವುದಿಲ್ಲ. ನಮ್ಮದೇ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆ ಗುರೂಜಿಯವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದಾಗ ಎಲ್ಲರೂ ಪುಸ್ತಕದ ಮೇಲಿನ ಕ್ಯೂಆರ್ ಕೋಡಿನ ಮಾತಾಡಿದರು. ಕೋಡಿನ ಹಿಂದೆ ತೋರಿಸಲು ಏನಾದರೂ ಇರಬೇಕಲ್ಲ? ಅದು ಮಾಸ್ತರರು ಮಾಡಿದ್ದೇ.

ಇನ್ನೊಂದು ಅಂಜಿಕೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಡವಸ್ತು ಸಂಗ್ರಹ ನೋಂದವಹಿಯಲ್ಲಿ ಇರುವ ಸಾಮಾನಿನ ಸ್ಕ್ರೂ ಬಿಚ್ಚಿದರೆ ನಾಳೆ ತಪಾಸಣೆಯಲ್ಲಿ ಕೇಳಿದರೆ ಏನು ಗತಿ? ಇದೇ ಅಂಜಿಕೆಯಿಂದ ಎಷ್ಟೋ ಸಾಮಾನು ಕಪಾಟಿನಲ್ಲೇ ಕೊಳೆಯುತ್ತವೆ. ನನ್ನ ಅಭಿಪ್ರಾಯ ಇಷ್ಟು: ಟ್ಯೂಬ್ ಲೈಟ್ ಬದಲಿಸಲು ನಾವು ಯಾರನ್ನೂ ಕೇಳುವುದಿಲ್ಲ, ಡಿಸ್ಕನ್ನೂ ಹಾಗೇ ಸವೆಯುವ ಭಾಗ ಅಂತ ಹಿಡಿಯಬೇಕು. ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಒಂದು ಠರಾವು ಬರೆದುಕೊಳ್ಳಿ, ಎಸ್‌ಎಸ್‌ಡಿಯ ಪಾವತಿ ಹಚ್ಚಿ, ಹಳೆಯ ಡಿಸ್ಕಿನ ನಂಬರು ಬರೆದು ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಇಡಿ. ನಾವು ಹೀಗೆಯೇ ಮಾಡಿದೆವು. ಖರ್ಚು ಬಂದದ್ದು ಎರಡು ಸಾವಿರದ ಒಳಗೆ.

ಹಳೆಯ ಡಿಸ್ಕನ್ನು ನಮ್ಮ ತಾಬೆಯಲ್ಲೇ ಇಟ್ಟುಕೊಳ್ಳಲು ಇನ್ನೂ ಒಂದು ಕಾರಣ ಇದೆ. ಮಕ್ಕಳ ಆಧಾರ್ ನಂಬರು, ಪಾಲಕರ ಬ್ಯಾಂಕ್ ಖಾತೆ, ಜಾತಿ ದಾಖಲೆಯ ಸ್ಕ್ಯಾನು, ಎಲ್ಲ ಅದರಲ್ಲೇ ಇವೆ. ಸರಲ್‌ಗೆ ತುಂಬಿದ್ದು, ಯು-ಡೈಸ್‌ಗೆ ತುಂಬಿದ್ದು ಎಲ್ಲದರ ಎಕ್ಸೆಲ್ ಪ್ರತಿ. ಡಿಲೀಟ್ ಒತ್ತಿದರೆ ಹೆಸರು ಮಾತ್ರ ಯಾದಿಯಿಂದ ಹೋಗುತ್ತದೆ, ಬರೆದದ್ದು ತಟ್ಟೆಯ ಮೇಲೆ ಹಾಗೇ ಇರುತ್ತದೆ. ಅವಸರದ ಫಾರ್ಮ್ಯಾಟಿಗೂ ಇದೇ ಮಾತು. ಲಿಲಾವಿನಲ್ಲಿ ಡಿಸ್ಕ್ ಸಹಿತ ಲ್ಯಾಪ್‌ಟಾಪ್ ಕೊಟ್ಟರೆ ಇಡೀ ಶಾಲೆಯ ಪಟ್ಟಿಯನ್ನೇ ತೂಕಕ್ಕೆ ಮಾರಿದಂತೆ. ನಿರ್ಲೇಖನ ಮಾಡಲೇಬೇಕಾದರೂ ಡಿಸ್ಕ್ ತೆಗೆದು ಕೊಡಿ.

ಪೂರಾ ಸತ್ತ ಡಿಸ್ಕ್ ಇದ್ದರೆ, ಅದರ ಮಾಹಿತಿಯ ಆಸೆ ಬಿಟ್ಟಿದ್ದರೆ, ಅದನ್ನು ವಿಜ್ಞಾನದ ತಾಸಿಗೆ ತನ್ನಿ. ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ಬೇಕಾಗುತ್ತದೆ. ಒಳಗೆ ಸಿಗುವ ನಿಯೋಡಿಮಿಯಂ ಆಯಸ್ಕಾಂತ ಬಲು ಜೋರು, ಎರಡರ ನಡುವೆ ಬೆರಳು ಸಿಕ್ಕರೆ ರಕ್ತ ಬರುತ್ತದೆ, ಸಣ್ಣ ಮಕ್ಕಳ ಕೈಗೆ ಕೊಡಲೇಬೇಡಿ. ಲ್ಯಾಪ್‌ಟಾಪಿನ ಡಿಸ್ಕಿನ ತಟ್ಟೆ ಬಹಳ ಸಲ ಗಾಜಿನದು, ಬಗ್ಗಿಸಿದರೆ ಚೂರು ಚೂರಾಗಿ ಸಿಡಿಯುತ್ತದೆ. ದೊಡ್ಡ ಕಂಪ್ಯೂಟರಿನ ಡಿಸ್ಕಿನಲ್ಲಿ ಅಲ್ಯೂಮಿನಿಯಂ ತಟ್ಟೆ ಸಿಗುತ್ತದೆ. ಅದನ್ನು ಓರೆಯಾಗಿ ಹಿಡಿದು ಆಯಸ್ಕಾಂತ ಜಾರಿಸಿ. ಆಯಸ್ಕಾಂತಕ್ಕೆ ಅಂಟದ ಲೋಹ, ಆದರೂ ಅದು ಜೇನುತುಪ್ಪದಲ್ಲಿ ಇಳಿದಂತೆ ನಿಧಾನಕ್ಕೆ ಜಾರುತ್ತದೆ. ಲೆಂಜ್‌ನ ನಿಯಮ ಕಲಿಸಲು ನನಗೆ ಇದಕ್ಕಿಂತ ಸೋವಿಯ ಸಾಧನ ಸಿಕ್ಕಿಲ್ಲ.

ಎಲ್ಲ ಹಳೆಯ ಲ್ಯಾಪ್‌ಟಾಪಿಗೂ ಇದೇ ಔಷಧ ಅಂತ ಹೇಳುವುದಿಲ್ಲ. ಸುಮಾರು 2005ಕ್ಕಿಂತ ಹಿಂದಿನದಾದರೆ ಒಳಗೆ 44 ಪಿನ್ನಿನ ಐಡಿಇ ಡಿಸ್ಕು ಇರುವ ಸಂಭವ ಹೆಚ್ಚು, ಸಾಟಾ ಎಸ್‌ಎಸ್‌ಡಿ ಅದರಲ್ಲಿ ಕೂಡುವುದಿಲ್ಲ. ಎಂಸಾಟಾ ಚಿಪ್ಪು ಕೂರಿಸುವ ಅಡಾಪ್ಟರ್ ಸಿಗುತ್ತದೆ. ಇಲ್ಲವೇ ಹಳೆಯ ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡೂ ನಡೆಯುತ್ತದೆ, ಅದು ಐಡಿಇ ಭಾಷೆಯನ್ನೇ ಆಡುತ್ತದೆ. ಬಹಳ ಹಳೆಯ ಯಂತ್ರಗಳು 137 ಜಿಬಿಗಿಂತ ಹೆಚ್ಚಿನದನ್ನು ಗುರುತಿಸುವುದಿಲ್ಲ, ದೊಡ್ಡದು ಕೊಂಡು ರೊಕ್ಕ ಹಾಳು ಮಾಡಬೇಡಿ. ಇಂಥದ್ದನ್ನು ಇಂಟರ್ನೆಟ್ಟಿಗೆ ಜೋಡಿಸಲೂಬೇಡಿ. ಅದರಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ ಮೈಕ್ರೋಸಾಫ್ಟ್ ಆಸರೆ ನಿಲ್ಲಿಸಿದೆ. ಹಳೆಯ ನುಡಿ ಫೈಲ್ ತೆರೆದು ಮುದ್ರಿಸಲು ಮಾತ್ರ ಇಟ್ಟುಕೊಳ್ಳಿ. ನಮ್ಮ 2009ರದಕ್ಕೂ ಅಳತೆ ಮುಗಿದ ಮೇಲೆ ವಿಂಡೋಸ್ 7 ತೆಗೆದು ಲಿನಕ್ಸ್ ಮಿಂಟ್ ಹಾಕಿದೆವು. ಕನ್ನಡ ಯೂನಿಕೋಡ್ ಅದರಲ್ಲಿ ಚೆನ್ನಾಗಿ ಬರುತ್ತದೆ. ದೊಡ್ಡ ವಿಡಿಯೊ ಹಚ್ಚಿದರೆ ಇವತ್ತಿಗೂ ತಡವರಿಸುತ್ತದೆ, ಡಿಸ್ಕ್ ಬದಲಿಸಿದರೆ ಪ್ರೊಸೆಸರ್ ಹರೆಯಕ್ಕೆ ಬರುವುದಿಲ್ಲ. ಬ್ಯಾಟರಿಯಂತೂ ಸತ್ತೇ ಇದೆ.

ಎಸ್‌ಎಸ್‌ಡಿಗೂ ಒಂದು ದೋಷ ಉಂಟು. ಹಿಡಿದಿಟ್ಟ ಎಲೆಕ್ಟ್ರಾನುಗಳು ಕಾಲಾಂತರದಲ್ಲಿ ಸೋರುತ್ತವೆ, ಬಿಸಿಲಿಗೆ ಇನ್ನೂ ಬೇಗ. ಸೊಲ್ಲಾಪುರದ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕೇ? ಬೇಸಿಗೆ ಸೂಟಿಯ ಒಂದೂವರೆ ತಿಂಗಳಿಗೆ ಏನೂ ಆಗುವುದಿಲ್ಲ. ಆದರೆ ಫೈಲ್ ತುಂಬಿ ಎರಡು ಮೂರು ವರ್ಷ ಕಪಾಟಿನಲ್ಲಿ ಮರೆತು ಇಡುವ ವಸ್ತು ಅದಲ್ಲ. ಪ್ರಶ್ನೆ, ಟಿಪ್ಪಣಿಗಳ ಫೈಲು ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವಿನಲ್ಲಿ ಒಂದು ಇರಲಿ. ಮಕ್ಕಳ ಆಧಾರ್ ಪಟ್ಟಿಯನ್ನು ಮಾತ್ರ ಡ್ರೈವಿಗೆ ಏರಿಸಬೇಡಿ.

ಸಂಘಕ್ಕೆ ನನ್ನ ವಿನಂತಿ ಸಣ್ಣದು. ಪ್ರತಿ ಕೇಂದ್ರದ ಶಿಕ್ಷಣ ಪರಿಷತ್ತಿನಲ್ಲಿ ಊಟ ಆದ ಮೇಲಿನ ಎರಡು ತಾಸು ಇದಕ್ಕೆ ಕೊಡಿಸಲಿ. ಒಂದು ಯುಎಸ್‌ಬಿ ಕೇಬಲ್, ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆ, 2 ಟಿಬಿಯ ಒಂದು ಹೊರಗಿನ ಡಿಸ್ಕು ಸಂಘದ ಖರ್ಚಿನಲ್ಲಿ ತಗೊಂಡರೆ ಕೇಂದ್ರದಿಂದ ಕೇಂದ್ರಕ್ಕೆ ತಿರುಗಿಸಬಹುದು. ಎಸ್‌ಎಸ್‌ಡಿ ಕೊಳ್ಳುವವರು ಕೊಳ್ಳಲಿ, ಬಿಡುವವರು ಬಿಡಲಿ, ಫೈಲುಗಳ ನಕಲಂತೂ ಆಗಲಿ. ಮಂದ್ರೂಪ ಕೇಂದ್ರದಲ್ಲಿ ಈ ಕೆಲಸಕ್ಕೆ ನಾನು ಕೂಡುತ್ತೇನೆ, ಎಂಟನೆಯ ವರ್ಗದ ಇಬ್ಬರು ಹುಡುಗಿಯರು ನನಗಿಂತ ಚುರುಕಾಗಿ ಸ್ಕ್ರೂ ಬಿಚ್ಚುತ್ತಾರೆ, ಅವರೂ ಬರುತ್ತಾರೆ. ಲ್ಯಾಪ್‌ಟಾಪ್ ತರುವವರು ಚಾರ್ಜರ್ ಮರೆಯದೆ ತನ್ನಿ. ಹಳೆಯವುಗಳ ಪಿನ್ನು ಒಂದಕ್ಕೊಂದು ಹೊಂದುವುದಿಲ್ಲ, ಹೋದ ಸಲ ಮೂರು ಜನ ಅದೇ ಕಾರಣಕ್ಕೆ ಬರಿಗೈಯಲ್ಲಿ ತಿರುಗಿ ಹೋದರು.